ಕೆಂಪು ರಿಬ್ಬನ್ನಿನ ಏಣಿ

ಮಾರೆನ್ ಎಸೆದ ಮೊದಲ ಫ್ರೀ ಥ್ರೋ ಒಳಗೆ ಬಿದ್ದು ಅಂಕ ಸಮವಾಯಿತು. ಆಗ ಅವಳು ಬುಟ್ಟಿಯ ಹಿಂದಿದ್ದ ಏಣಿಯನ್ನು ನೋಡಿದಳು. ಬ್ಯಾಸ್ಕೆಟ್‌ಬಾಲ್ ಫೈನಲ್ ಗೆದ್ದವರು ಹತ್ತಿ ಬುಟ್ಟಿಯ ಬಲೆಯನ್ನು ನೆನಪಿಗೆಂದು ಕತ್ತರಿಸಿಕೊಳ್ಳುವ ಏಣಿ. ಆಟ ಮುಗಿಯಲು ಇನ್ನೂ ಒಂದು ಸೆಕೆಂಡು ಉಳಿದಿತ್ತು. ಅಷ್ಟರಲ್ಲೇ ಯಾರೋ ಅವಸರದಲ್ಲಿ ಅದನ್ನು ತಂದು ಎದುರಾಳಿಗಳೇ ಗೆದ್ದರೆಂದುಕೊಂಡು ಅವರ ಬಣ್ಣದ ಕೆಂಪು ರಿಬ್ಬನ್ ಕಟ್ಟಿದ್ದರು.

ಎರಡನೆಯ ಎಸೆತಕ್ಕೆ ಮೊದಲು ಅವಳ ಗಮನ ಕೆಡಲೆಂದೇ ಎದುರಾಳಿ ಕೋಚ್ ವಿರಾಮ ಕೇಳಿದರು. ಇದು ತಪ್ಪಿದರೆ ಹೆಚ್ಚುವರಿ ಆಟ. ಅದನ್ನು ಆಡುವ ಶಕ್ತಿ ಮಾರೆನ್‌ಳ ತಂಡದಲ್ಲಿ ಯಾರಿಗೂ ಉಳಿದಿರಲಿಲ್ಲ.

"ಏನೇ, ರಿಬ್ಬನ್ ಬಣ್ಣ ನೋಡ್ಕೊಂಡ್ಯಾ?" ಎದುರು ತಂಡದ ಡೆಲೇನಿ ಪಕ್ಕದಲ್ಲೇ ಹಾದು ಹೋಗುತ್ತ ಕೆಣಕಿದಳು.

ಮಾರೆನ್ ನೇರವಾಗಿ ಏಣಿಯ ಬಳಿ ಹೋಗಿ ಕೆಳಗಿನ ಮೆಟ್ಟಿಲನ್ನು ಕಾಲಿನಿಂದ ಒತ್ತಿದಳು. ಅದು ಅಲ್ಲಾಡಿತು.

"ಸಾರ್, ಸ್ವಲ್ಪ ಸ್ಕ್ರೂ ಬಿಗಿ ಮಾಡಿ," ಎಂದಳು ಏಣಿ ಹಿಡಿದಿದ್ದವನಿಗೆ. "ನಮ್ ಕೋಚ್‌ಗೆ ಮಂಡಿ ನೋವು. ಹತ್ತುವಾಗ ಬಿದ್ದುಗಿದ್ದಾರು."

ಡೆಲೇನಿ ನಕ್ಕಳು. "ನಿಮ್ ಕೋಚಾ? ಅವ್ರು ಯಾವತ್ತೇ ಹತ್ತಿದ್ದು?"

"ಹತ್ತಿಲ್ಲ. ಮೂವತ್ತು ವರ್ಷ ಕೆಳಗೇ ನಿಂತು ಬೇರೆಯವ್ರಿಗೆ ಚಪ್ಪಾಳೆ ತಟ್ಟಿದಾರೆ. ಅದಕ್ಕೇ ಹೇಳ್ತಿರೋದು, ಅಭ್ಯಾಸ ಇಲ್ಲ ಅವ್ರಿಗೆ."

ಡೆಲೇನಿಯ ನಗು ನಿಂತಿತು. ವಿರಾಮ ಮುಗಿಯುವ ತನಕವೂ ಅವಳ ಕಣ್ಣು ಏಣಿಯ ಮೇಲೇ ಇತ್ತು.

ಮಾರೆನ್ ಗೆರೆಯ ಮೇಲೆ ನಿಂತು ಚೆಂಡನ್ನು ಎರಡು ಸಲ ಪುಟಿಸಿ ಎಸೆದಳು. ಚೆಂಡಿನ್ನೂ ಗಾಳಿಯಲ್ಲಿತ್ತು. ಏಣಿಯವನು ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೆಂಪು ರಿಬ್ಬನ್ ಬಿಚ್ಚತೊಡಗಿದ.