ಆಯಿಲ್ ಕುಡಿದ ಎಂಜಿನ್

ಗೇಟಿನ ಹೊರಗೇ ತಮ್ಮ ನಿಂತಿದ್ದ. ಒಳಗೆ ಬಾ ಎಂದು ಅಕ್ಕ ಕರೆಯಲಿಲ್ಲ. ಅವನ ಹಿಂದೆ, ಸರಕಿನ ಆಟೊದಲ್ಲಿ, ಹಗ್ಗ ಬಿಗಿಸಿಕೊಂಡು ಒಂದು ಎಂಜಿನ್ ಕೂತಿತ್ತು.

"ಗುಜರಿ ಅಂಗಡಿಗಳನ್ನೆಲ್ಲ ಅಲೆದು ತಂದಿದ್ದೀನಿ ಅಕ್ಕ. ಒಳ್ಳೇ ಎಂಜಿನ್."

"ಹೋದ ಸಲಾನೂ ಇದನ್ನೇ ಹೇಳಿದ್ದೆ."

ತಮ್ಮನ ಮುಖ ಚಿಕ್ಕದಾಯಿತು. ಕೊನೆಗೆ ಅವಳ ಗಂಡನೇ ಎದ್ದುಹೋಗಿ, ಭಾವಮೈದುನನ ಹೆಗಲ ಮೇಲೆ ಕೈಯಿಟ್ಟು ಶೆಡ್ಡಿಗೆ ಕರೆತಂದ. ಮನೆಗೆ ಅಂಟಿಕೊಂಡಿದ್ದ ಆ ಶೆಡ್ಡೇ ಮೆಕ್ಯಾನಿಕ್ ಗಂಡನ ಗ್ಯಾರೇಜು. ನಡುವೆ ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ಅದರ ಹೊಟ್ಟೆಯಿಂದ ತೆಗೆದ ಹಳೆಯ ಎಂಜಿನ್ ಮೂಲೆಯಲ್ಲಿ ಮಗ್ಗುಲಾಗಿ ಬಿದ್ದಿತ್ತು.

ಈ ಕಾರು ಬಂದದ್ದೇ ಗಂಡನ ಒಂದು ಮಾತಿನಿಂದ. ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಚುಚ್ಚುತ್ತಲೇ ತಲೆ ನರೆಯುವುದೇನೋ ಎಂದುಕೊಂಡಿದ್ದ ಅವಳಿಗೆ, ಹೆದ್ದಾರಿಯಾಚೆಯ ದೊಡ್ಡಾಸ್ಪತ್ರೆಯಿಂದ ಹೆಡ್ ನರ್ಸ್ ಕೆಲಸಕ್ಕೆ ಕರೆ ಬಂದಿತ್ತು. "ರಾತ್ರಿ ಪಾಳಿ ಮುಗಿಸಿ ಬಸ್ ಸ್ಟಾಪಲ್ಲಿ ನಿಲ್ಲೋದಾದ್ರೆ ಬೇಡ. ಸ್ವಂತ ಗಾಡಿ ಇದ್ರೆ ಹೋಗು, ನಾನು ಅಡ್ಡ ಬರಲ್ಲ," ಎಂದಿದ್ದ ಗಂಡ. ಮಾರನೆಯ ವಾರವೇ ತಮ್ಮ ತನ್ನ ಕಾರನ್ನು ಅಗ್ಗಕ್ಕೆ ಕೊಡಲು ಒಪ್ಪಿದ. ಗಂಡ ಕೈಯ ಜಿಡ್ಡು ಒರೆಸಿಕೊಳ್ಳುತ್ತ, "ನಿನ್ನ ಹಟಾನೇ ಗೆದ್ದಿತು ಬಿಡು," ಎಂದು ನಕ್ಕಿದ್ದ.

ಕಾರು ತಂದ ದಿನ ತಮ್ಮ ಬೀಗುತ್ತಿದ್ದ. "ಆಯಿಲ್ ನಾನೇ ಬದಲಾಯಿಸಿದ್ದೀನಿ ಭಾವ, ಮನೇಲೇ."

"ಆಯಿಲ್ ಬಸಿಯೋ ಕೆಳಗಿನ ಬೋಲ್ಟಿಗೆ ಹೊಸ ವಾಷರ್ ಹಾಕಿದ್ಯಾ?"

"ಅದಕ್ಕೊಂದು ವಾಷರ್ ಬೇರೆ ಇರತ್ತಾ?"

ಗಂಡ ಹಣೆ ಚಚ್ಚಿಕೊಂಡ. ಮೂವರೂ ನಕ್ಕರು. ಶೆಡ್ಡಿನ ಬಾಗಿಲ ಹಿಂದೆ ತಂತಿಗೆ ಪೋಣಿಸಿಟ್ಟ, ಉಂಗುರದಂಥ ತಾಮ್ರದ ವಾಷರುಗಳು ಯಾವತ್ತೂ ತೂಗುತ್ತಿದ್ದವು. ಬೋಲ್ಟ್ ಬಿಚ್ಚಿದ ಮೇಲೆ ಹಳೆಯದನ್ನು ಎಸೆದು ಹೊಸದನ್ನು ತೊಡಿಸದೆ ಗಂಡ ಬಿಗಿಸಿದ್ದೇ ಇಲ್ಲ. ಅವಸರದಲ್ಲಿ ಹಳೆಯದನ್ನೇ ಹಾಕಿಬಿಟ್ಟೆನೇನೋ ಎಂಬ ಅನುಮಾನ ಬಂದು, ಒಮ್ಮೆ ಕಲಸಿದ ಅನ್ನ ಬಿಟ್ಟು ಗಿರಾಕಿಯ ಮನೆಗೆ ಓಡಿದ್ದ. ಊಟ ಬೇಕಾದರೂ ಬಿಟ್ಟಾರು, ವಾಷರ್ ಬಿಡೋರಲ್ಲ ಎಂದು ಹೆಂಡತಿ ಅವನನ್ನು ಗೇಲಿ ಮಾಡುತ್ತಿದ್ದಳು.

ಅವಳು ಕೆಲಸಕ್ಕೆ ಸೇರಬೇಕಾದ ದಿನದ ಹಿಂದಿನ ಸಂಜೆ ಗಂಡ ಕತ್ತಲಾಗುವವರೆಗೂ ಶೆಡ್ಡಿನಲ್ಲಿ ಕೂತು ಹಾರ್ನ್ ಸರಿಮಾಡಿಕೊಟ್ಟ. ಹಾರ್ನ್ ಕೂಗದ ಗಾಡಿಯಲ್ಲಿ ಯಾರಾದರೂ ಹೆಂಡತಿಯನ್ನು ಹೆದ್ದಾರಿಗೆ ಕಳಿಸುತ್ತಾರೆಯೇ?

ಬೆಳಿಗ್ಗೆ ಅವಳು ಹೆದ್ದಾರಿಯ ಸೇತುವೆ ದಾಟುತ್ತಿದ್ದಂತೆ ಬಾನೆಟ್ಟಿನೊಳಗೆ ಸುತ್ತಿಗೆಯಿಂದ ಬಡಿದಂಥ ಸದ್ದಾಯಿತು. ಕಾರು ಅದುರಿ ನಿಂತುಬಿಟ್ಟಿತು. ಹಿಂದಿನಿಂದ ಬರುತ್ತಿದ್ದ ಲಾರಿ ಕೂದಲೆಳೆಯಲ್ಲಿ ಪಕ್ಕಕ್ಕೆ ಸರಿಯಿತು. ಎಷ್ಟೋ ಹೊತ್ತು ಅವಳ ಕೈ ಸ್ಟೀರಿಂಗ್ ಬಿಡಲಿಲ್ಲ.

ಕಾರು ಎಳೆದೊಯ್ಯಲು ಹಗ್ಗ ಹಿಡಿದು ಬಂದ ಗಂಡ ಆಯಿಲ್ ನೋಡುವ ಕಡ್ಡಿಯನ್ನು ಎಳೆದು ತೋರಿಸಿದ. ಒಣಗಿತ್ತು. ಆಯಿಲ್ ಮುಗಿದರೆ ಉರಿಯಬೇಕಾದ ಕೆಂಪು ದೀಪ ಉರಿದಿರಲೇ ಇಲ್ಲ. ಅದರ ತಂತಿ ಕಳಚಿ ನೇತಾಡುತ್ತಿತ್ತು.

"ತಾನಾಗೇ ಕಳಚಿರ್ಬೇಕು," ಎಂದ ಗಂಡ. "ಅವನನ್ನ ಬೈಬೇಡ. ಪಾಪ, ಅವನಿಗೇನು ಗೊತ್ತು."

ಅವಳಿಗೆ ಮೈಯೆಲ್ಲ ಉರಿಯಿತು. ಇದು ಆಯಿಲ್ ಕುಡಿದು ಖಾಲಿ ಮಾಡುವ ಎಂಜಿನ್ ಎಂದು ಗೊತ್ತಿದ್ದೇ ತಮ್ಮನೇ ದೀಪದ ತಂತಿ ಕಿತ್ತು, ಕಾರನ್ನು ಅಕ್ಕನ ಕೊರಳಿಗೆ ಕಟ್ಟಿದ್ದಾನೆ. ಅವಳೇ ಎತ್ತಿ ಆಡಿಸಿದ ತಮ್ಮ. ಲಾರಿ ಗುದ್ದಿದ್ದರೂ ಅವನು ಕೊಟ್ಟ ಪೆಟ್ಟಿನಷ್ಟು ನೋಯುತ್ತಿರಲಿಲ್ಲ.

ಸೋಮವಾರದವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿತ್ತು ಆಸ್ಪತ್ರೆ. ಇವತ್ತು ಶನಿವಾರ.

ಗಂಡ ಆಟೊದಿಂದ ಇಳಿಸಿಕೊಂಡ ಎಂಜಿನ್ನಿನ ಸುತ್ತ ಒಂದು ಸುತ್ತು ಬಂದ. "ಕೂರಿಸ್ತೀನಿ. ಆದ್ರೆ ಸೋಮವಾರಕ್ಕೆ ಆಗಲ್ಲ ಅನ್ಸತ್ತೆ." ಅವಳ ಮುಖ ನೋಡಿ ದನಿ ತಗ್ಗಿಸಿದ. "ಆ ಕೆಲಸ ಹೋದ್ರೆ ಹೋಗ್ಲಿ. ಇಲ್ಲಿ ನಿನಗೇನು ಕಡಿಮೆಯಾಗಿದೆ?"

ಅವಳ ಕಣ್ಣು ತುಂಬಿತು. ಒಡಹುಟ್ಟಿದವನು ಕೈಕೊಟ್ಟಾಗ ಕೈಹಿಡಿದವನಾದರೂ ಇದ್ದಾನಲ್ಲ. ಆ ಸಮಾಧಾನವೇ ತಮ್ಮನ ಮೇಲಿನ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

"ಆಣೆ ಮಾಡ್ತೀನಿ ಅಕ್ಕ," ಎಂದ ತಮ್ಮ. "ಆಯಿಲ್ ಡಬ್ಬಿ ಪೂರ್ತಿ ಸುರಿದಿದ್ದೆ. ಆಮೇಲೆ ಆ ಬೋಲ್ಟ್ ನಾನು ಮುಟ್ಟೇ ಇಲ್ಲ. ಯಾವ ತಂತಿ ಎಲ್ಲಿದೆ ಅಂತಾನೂ ನಂಗೊತ್ತಿಲ್ಲ."

"ಆಣೆ ಬೇರೆ ಕೇಡು. ಬಾ ಇಲ್ಲಿ."

ಅವಳು ಸ್ಪ್ಯಾನರ್ ಎತ್ತಿಕೊಂಡು ಹಳೆಯ ಎಂಜಿನ್ನಿನ ಮುಂದೆ ಕುಕ್ಕರಿಸಿದಳು.

"ಅದ್ಯಾಕೆ ಈಗ?" ಎಂದ ಗಂಡ. "ಕೈಯೆಲ್ಲ ಕೊಳೆಯಾಗತ್ತೆ. ಗುಜರಿಯವನು ತಗೊಂಡು ಹೋಗ್ತಾನೆ, ಬಿಡು."

"ನೀವು ಸುಮ್ನಿರಿ. ನಿಮ್ಮ ಒಳ್ಳೇತನಾನೇ ಇವನಿಗೆ ಸಲಿಗೆಯಾಗಿದ್ದು."

ಬೋಲ್ಟ್ ಗಟ್ಟಿಯಾಗಿ ಕೂತಿತ್ತು. ಎರಡೂ ಕೈಯಲ್ಲಿ ಒತ್ತಿ ತಿರುಗಿಸಿದಳು. ಬಿಚ್ಚಿಕೊಂಡಿತು. ಒಂದು ಹನಿಯೂ ಬೀಳಲಿಲ್ಲ.

"ಎಲ್ಲೋ ನೀನು ಸುರಿದ ಡಬ್ಬಿ?" ಬೋಲ್ಟನ್ನು ಅಂಗೈಯಲ್ಲಿಟ್ಟು ಅವನ ಮೂಗಿನ ಮುಂದೆ ಹಿಡಿದಳು. "ಕಣ್ಣಾರೆ ನೋಡು."

ತಮ್ಮ ಬಗ್ಗಿ ನೋಡಿದ. ಜಿಡ್ಡು ಮೆತ್ತಿದ ಬೋಲ್ಟಿನ ಕೊರಳಲ್ಲಿ ಏನೋ ಮಿಂಚುತ್ತಿತ್ತು.

"ಇದೇನಕ್ಕ, ಹೊಸ ಉಂಗುರ ಇದ್ದಂಗಿದೆ?"

ಅವಳ ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಅವಳ ಕಣ್ಣು ಬಾಗಿಲ ಹಿಂದೆ ತೂಗುತ್ತಿದ್ದ ವಾಷರುಗಳತ್ತ, ಅಲ್ಲಿಂದ ಗಂಡನತ್ತ ಹೊರಳಿತು.

ಎಂಜಿನ್ ಕೊಲ್ಲಲೆಂದೇ ಆಯಿಲ್ ಬಸಿದಾಗಲೂ, ಹೊಸ ವಾಷರ್ ತೊಡಿಸದೆ ಬೋಲ್ಟ್ ಬಿಗಿಸಲು ಕೈ ಬಾರದವನು ಆ ಶೆಡ್ಡಿನಲ್ಲಿ ಇದ್ದದ್ದು ಒಬ್ಬನೇ.