ದೇವರ ಗೂಡಿನ ಡಬ್ಬಿ

ಅಕ್ಟೋಬರಿನ ಒಂದು ಮಂಗಳವಾರ, ಬೆಳಗಿನ ಏಳು ಗಂಟೆ. ಚಳಿ ಆಗಲೇ ಕಿಟಕಿಗೆ ಅಂಟಿಕೊಂಡಿತ್ತು. ದೇವರ ಗೂಡಿನ ಮುಂದೆ ನಿಂತ ಸ್ಪಂದನಾ ಗಾಜಿನ ಡಬ್ಬಿಯನ್ನು ದೀಪದ ಬೆಳಕಿಗೆ ಹಿಡಿದಳು. ಅರ್ಧ ಖಾಲಿ.

"ಯಾರೋ ಕದ್ದಿದ್ದಾರಮ್ಮ."

ಡಬ್ಬಿಯಲ್ಲಿದ್ದದ್ದು ಒಣಗಿಸಿದ ಅಣಬೆ. ಜರ್ಮನಿಯ ಎರ್ಲಾಂಗೆನ್ನಿನ ಹೊರವಲಯದ ಆ ಹಳೇ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಹನ್ನೆರಡು ಜನ ಸುತ್ತಲೂ ಕೂರುತ್ತಿದ್ದರು. ಸ್ಪಂದನಾ ಕೊಟ್ಟ ಚೂರನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದರು. ಆಮೇಲೆ ಕೆಲವರು ಅಳುತ್ತಿದ್ದರು, ಕೆಲವರು ದೇವರನ್ನು ಕಂಡೆ ಎನ್ನುತ್ತಿದ್ದರು. ಕಾನೂನು ಒಪ್ಪದ ಪ್ರಸಾದ. ಕಳುವಾಯಿತೆಂದು ಪೊಲೀಸರ ಬಳಿ ಹೋಗುವಂತಿರಲಿಲ್ಲ.

ಹಾಗಾಗಿ ಅನುಮಾನ ಮನೆಯೊಳಗೇ ಸುತ್ತಿ, ರೊನಾಲ್ಡನ ಮೇಲೆ ಬಂದು ಕೂತಿತು. ಮಂಗಳೂರಿನವನು, ಐವತ್ತು ದಾಟಿದವನು. ಕುಡಿತದಲ್ಲಿ ಸಂಸಾರ ಕಳೆದುಕೊಂಡು ಅಟ್ಟದ ಕೋಣೆಗೆ ಬಂದು ಸೇರಿದ್ದವನು.

ಮುನಿಲಕ್ಷ್ಮಮ್ಮ ಕಾಫಿ ಸೋಸುತ್ತಾ ಎಲ್ಲ ಕೇಳಿಸಿಕೊಂಡರು. ದೇವರ ಮುಂದೆ ಅಣಬೆ ಇಡುವುದುಂಟೇ ಎಂದು, ಕೋಲಾರದಿಂದ ಬಂದ ದಿನವೇ ಮಗಳ ಮೇಲೆ ರೇಗಿದ್ದರು. ಗೂಡಿಗೆ ದೀಪ ಹಚ್ಚುವುದು, ಪೂಜೆಯ ತಟ್ಟೆ ತೊಳೆಯುವುದು ಮಾತ್ರ ಅವರ ಪಾಲಿನ ಕೆಲಸ.

"ಈ ಮನೇಲಿ ಅದನ್ನ ತಿನ್ನದೇ ಇರೋಳು ನೀನೊಬ್ಳೇ," ಎಂದಳು ಸ್ಪಂದನಾ. "ಇನ್ಯಾರನ್ನ ನಂಬ್ಲಿ ನಾನು?"

ಮುನಿಲಕ್ಷ್ಮಮ್ಮ ಕಾಫಿ ಲೋಟವನ್ನು ಮಗಳ ಕಡೆ ಸರಿಸಿದರು.

ಮಗಳು ಕೆಲಸಕ್ಕೆ ಹೋದಳು. ಮುನಿಲಕ್ಷ್ಮಮ್ಮ ಕಾಫಿ ಕುಡಿದು ಎಷ್ಟೋ ಹೊತ್ತಾದ ಮೇಲೆ ಗಂಡ ಬೈರಪ್ಪ ಬಂದು ಒಲೆಯ ಪಕ್ಕ ಕೂತರು. ದಿನಾ ಹೀಗೆ ಬಂದು ಕೂರುವವರಲ್ಲ. ಕೂತ ದಿನ ಹೆಂಡತಿಗೆ ಹಬ್ಬ. ಅವತ್ತು ಮಾತ್ರ ಅಲ್ಲ.

"ರೊನಾಲ್ಡನ್ನ ಓಡಿಸ್ತಾರಂತೆ ಕಣ್ರೀ. ನಿಜ ಹೇಳ್ಬಿಡ್ಲಾ?"

"ಹೇಳಿದ್ರೆ ನಾನಿಲ್ಲಿ ಇರಾಕಾಗ್ತದಾ?"

"ಪಾಪ, ಆವಯ್ಯ ಏನೂ ಮಾಡ್ಲಿಲ್ಲ."

"ನಿಂಗೆ ನಾನು ಬೇಕಾ, ಆವಯ್ಯ ಬೇಕಾ?"

ನಲವತ್ತಾರು ವರ್ಷ ಜೊತೆಗೆ ಬಾಳಿದವರು. ಅವರ ಮುಂದಿಟ್ಟಿದ್ದ ಕಾಫಿ ಆರಿ ತಣ್ಣಗಾಯಿತು. ಮುನಿಲಕ್ಷ್ಮಮ್ಮ ಅದನ್ನು ಸಿಂಕಿಗೆ ಚೆಲ್ಲಿದರು.

ಬುಧವಾರ ಮನೆಯವರೆಲ್ಲ ಸೇರಿದರು. ರೊನಾಲ್ಡ್ ನಡುವೆ ನಿಂತ.

"ಎರಡು ವರ್ಷ ಆಯ್ತು ಮಾರಾಯ್ರೆ, ಬಿಯರ್ ಮೂಸಿ ಸಹ ನೋಡ್ಲಿಲ್ಲ. ಇದನ್ನು ನಾನ್ಯಾಕೆ ಕದಿಯುವುದು? ನನ್ನ ಆನ್‌ಮೆಲ್ಡುಂಗ್, ವಾಸದ ನೋಂದಣಿ, ಇರುವುದೇ ಈ ಅಡ್ರೆಸ್ಸಿನಲ್ಲಿ. ಇಲ್ಲಿಂದ ಎಲ್ಲಿಗೆ ಹೋಗುವುದು?"

"ಕುಡೀತಿದ್ದಾಗ್ಲೂ ಹಿಂಗೇ ಆಣೆ ಇಡ್ತಿದ್ರಂತಲ್ಲ," ಎಂದಳು ಸ್ಪಂದನಾ.

ಅವನು ಮುನಿಲಕ್ಷ್ಮಮ್ಮನ ಕಡೆ ತಿರುಗಿದ. "ಅಮ್ಮಾ, ಎಲ್ಲರಿಗಿಂತ ಮೊದಲು ಏಳುವುದು ನೀವು. ನಾನು ಆ ಗೂಡಿನ ಹತ್ತಿರ ಬಂದದ್ದು ಉಂಟಾ? ನೀವಾದರೂ ಹೇಳಿ."

ಒಂದೇ ಮಾತು ಸಾಕಿತ್ತು.

"ನಂಗೇನೂ ಗೊತ್ತಿಲ್ಲಪ್ಪ," ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಮಾರನೇ ದಿನ ರೊನಾಲ್ಡ್ ಸೂಟ್‌ಕೇಸ್ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ. "ಎರಡು ವರ್ಷ ಅನ್ನ ಹಾಕಿದ್ದೀರಿ ಅಮ್ಮ. ಬೇಜಾರಿಲ್ಲ ನನಗೆ ನಿಮ್ಮ ಮೇಲೆ," ಎಂದ. ಬೈದಿದ್ದರೆ ಮುನಿಲಕ್ಷ್ಮಮ್ಮ ತಡೆದುಕೊಳ್ಳುತ್ತಿದ್ದರೇನೋ. ಆ ದಿನ, ಅದರ ಮಾರನೇ ದಿನ, ಅವರು ಒಂದು ತುತ್ತೂ ತಿನ್ನಲಿಲ್ಲ.

ಶನಿವಾರ ಬೆಳಿಗ್ಗೆ ಡಬ್ಬಿಯನ್ನು ಹಿತ್ತಲಿನ ಗೊಬ್ಬರದ ಗುಂಡಿಗೆ ಸುರಿದು ಬಂದು ಮಗಳ ಮುಂದೆ ನಿಂತರು.

"ಕದ್ದೋಳು ನಾನೇ ಕಣೇ. ತಟ್ಟೇಲಿ ಉಳಿದ ಪ್ರಸಾದ ಬಿಸಾಕಬಾರ್ದು ಅಂತ ಒಂದ್ಸಲ ಬಾಯಿಗೆ ಹಾಕ್ಕೊಂಡೆ. ಆಮೇಲೆ ಬಿಡಕ್ಕಾಗ್ಲಿಲ್ಲ."

ಸ್ಪಂದನಾ ಸಂಜೆಯವರೆಗೂ ರೊನಾಲ್ಡನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

ರೊನಾಲ್ಡ್ ಹೋದದ್ದು ಗುರುವಾರ. ಮೂರು ವರ್ಷದ ಹಿಂದೆ ಕೋಲಾರದ ಆಸ್ಪತ್ರೆಯಲ್ಲಿ ಒಮ್ಮೆ ಕಣ್ಣುಮುಚ್ಚಿ ಹೋಗಿದ್ದ ಬೈರಪ್ಪ, ಎರಡನೆಯ ಸಲ ಹೋದದ್ದು ಆ ಶನಿವಾರ.