ಬಸ್ಸಿಗಿಂತ ಮುಂದೆ

ಮೂವತ್ತೆಂಟನೆಯ ಕಿಲೋಮೀಟರಿನ ಫಲಕ ದಾಟಿದ ಕೂಡಲೇ ಕಂಡಕ್ಟರಮ್ಮನಿಗೆ ಬೆನ್ನ ಹಿಂದೆ ಎಂಜಿನ್ನಿನ ಸದ್ದು ಕೇಳಿಸಿತು. ತಿರುಗಿ ನೋಡಬೇಕಾಗಿರಲಿಲ್ಲ. ಹನ್ನೊಂದು ವರ್ಷ ಅದೇ ಬಸ್ಸಿನಲ್ಲಿ ಟಿಕೆಟ್ ಕೊಟ್ಟವಳು ಅವಳು. ಗೇರು ಇಳಿಸಿದಾಗ ಅದು ಹೇಗೆ ಕೆಮ್ಮುತ್ತದೆಂದು ಚೆನ್ನಾಗಿ ಗೊತ್ತು. ಇಂದು ಅದಕ್ಕೆ ಬೇರೆ ಕೆಲಸ. ಮ್ಯಾರಥಾನಿನಲ್ಲಿ ಹಿಂದೆ ಬಿದ್ದವರನ್ನು ಹತ್ತಿಸಿಕೊಂಡು ಬರಬೇಕು. ಅದು ಯಾರನ್ನು ದಾಟಿತೋ ಅವರ ಓಟ ಅಲ್ಲಿಗೆ ಮುಗಿಯಿತು.

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಬಸ್ಸನ್ನು ಒಂದು ನಿಮಿಷ ಮುಂಚೆಯೂ ಬಿಡದ, ತಡವಾಗಿಯೂ ಬಿಡದ ಅವನನ್ನು ಡಿಪೋದಲ್ಲಿ ಎಲ್ಲರೂ ಕರೆಯುವುದು ಗಡಿಯಾರದಣ್ಣ ಎಂದೇ.

“ತಂಗೀ! ನೀನ್ಯಾಕೆ ಇಷ್ಟು ಹಿಂದೆ ಇದ್ದೀಯ?”

“ಸ್ಟಾಪಲ್ಲಿ ಜನ ನಿಂತಿದ್ರಣ್ಣ...”

“ಅಯ್ಯೋ ನಿನ್ನ! ಓಡುವಾಗಲೂ ಸ್ಟಾಪ್ ಕೊಟ್ಯಾ?”

ಕೊಟ್ಟಿದ್ದಳು. ಒಂದಲ್ಲ, ಏಳು. ಎಂಟು ತಿಂಗಳ ಅಭ್ಯಾಸ ನಡೆದದ್ದೇ ಹಾಗೆ. ಬೆಳಗಿನ ಐದಕ್ಕೆ ಡಿಪೋ, ಮಧ್ಯಾಹ್ನ ಎರಡಕ್ಕೆ ಡ್ಯೂಟಿ ಮುಗಿಯುವುದು, ಮೂರೂವರೆಗೆ ಮಗಳ ಶಾಲೆ ಬಿಡುವುದು. ನಡುವೆ ಸಿಗುವ ಒಂದೂವರೆ ಗಂಟೆಯಲ್ಲಿ ಅವಳು ಯೂನಿಫಾರ್ಮ್ ಕಳಚಿ ಚೀಲಕ್ಕೆ ತುರುಕಿ, ತನ್ನದೇ ರೂಟಿನಲ್ಲಿ ಮನೆಯ ಕಡೆ ಓಡುತ್ತಿದ್ದಳು. ವಾರದ ರಜೆ ಬಂದರೆ ಆ ರೂಟಿನಲ್ಲೇ ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ. ಸ್ಟಾಪಿನಲ್ಲಿ ಕಾಯುವವರೆಲ್ಲ ಅವಳ ಪ್ರಯಾಣಿಕರೇ. “ಮುಂದಿನ ಬಸ್ ಎಷ್ಟೊತ್ತಿಗಮ್ಮ?” ಎಂದು ಅವರು ಕೇಳಿದರೆ ನಿಂತು ಹೇಳದೆ ಹೋಗುವುದಾದರೂ ಹೇಗೆ? ಇಂದಿನ ಓಟದ ಕೊನೆಯ ಭಾಗವೂ ಅವಳ ರೂಟಿನಲ್ಲೇ ಇತ್ತು. ರಸ್ತೆ ಮುಚ್ಚಿದ್ದು ತಿಳಿಯದೆ ಜನ ಕಾಯುತ್ತಿದ್ದರು. ಹಿಂದಿನ ಬೀದಿಗೆ ಹೋಗಿ ಎಂದು ಒಬ್ಬೊಬ್ಬರಿಗೂ ಹೇಳಿ, ಕಣ್ಣು ಮಂಜಾದ ಮುದುಕರೊಬ್ಬರನ್ನು ಕೈಹಿಡಿದು ತಿರುವಿನವರೆಗೆ ಬಿಟ್ಟೂ ಬಂದಿದ್ದಳು.

ಓಟಕ್ಕೆ ಹೆಸರು ಕೊಟ್ಟ ದಿನ ಡಿಪೋದ ಮೇಲ್ವಿಚಾರಕ ನಕ್ಕಿದ್ದ. “ನಿನ್ನ ಓಟ ಏನಿದ್ರೂ ಬಸ್ಸಿನ ಒಳಗೇ ಕಣಮ್ಮ. ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ.” ಒಂದೇ ಒಂದು ಸಲ ತನ್ನ ಕಾಲ ಮೇಲೆ ಓಟದ ಕೊನೆಯ ಗೆರೆ ದಾಟಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

“ಅಣ್ಣಾ, ನನಗೋಸ್ಕರ ನಿಧಾನ ಮಾಡಬೇಡಿ ಮತ್ತೆ.”

“ನಾನಾ? ಚೆನ್ನಾಗಿ ಹೇಳ್ದೆ! ಹನ್ನೊಂದೂವರೆಗೆ ಮುಟ್ಟಬೇಕು ಅಂದಿದ್ದಾರೆ, ಮುಟ್ತೀನಿ. ಈಗ ಹತ್ತು ಐವತ್ತೊಂದು. ಮಾತು ಸಾಕು, ಓಡು!”

ಅವಳು ಓಡಿದಳು. ಬಸ್ಸಿನೊಳಗೆ ಸೋತು ಕೂತಿದ್ದವರು ಅವಳು ಯಾರೆಂದು ಡ್ರೈವರಿನಿಂದ ತಿಳಿದು ಕಿಟಕಿಗಳಿಗೆ ಬಂದು, “ಕಂಡಕ್ಟರಮ್ಮಾ, ರೈಟ್ ರೈಟ್!” ಎಂದು ಕೂಗತೊಡಗಿದರು. ದಿನವೂ ತಾನು ಕೂಗುವ ಮಾತು ತನ್ನ ಬೆನ್ನಿಗೇ ಬಂದು ಬಡಿದಾಗ ಅವಳಿಗೆ ಆ ಸುಸ್ತಿನಲ್ಲೂ ನಗು ಬಂತು. ನಲವತ್ತನೆಯ ಕಿಲೋಮೀಟರಿನಲ್ಲಿ ಆ ನಗುವೂ ನಿಂತಿತು. ಬಲತೊಡೆ ಕಲ್ಲಿನ ಹಾಗೆ ಬಿಗಿದುಕೊಂಡಿತು. ಬಸ್ಸಿನ ಮೂತಿ ಅವಳ ಭುಜದ ಹತ್ತಿರ ಬಂತು.

“ಬಾಗಿಲು ತೆಗೀಲಾ?” ಡ್ರೈವರ್ ಕೇಳಿದ.

“ಬೇಡ.”

“ಏನಂದೆ? ಕೇಳಿಸ್ಲಿಲ್ಲ.”

“ಬೇಡಾ ಅಂದೆ!”

“ಹಾಂ! ಇಷ್ಟು ಗಂಟಲಿದ್ರೆ ಕಾಲೂ ಇರುತ್ತೆ. ಹನ್ನೊಂದು ಹತ್ತು!”

ಅವಳು ಕುಂಟಿದಳು, ಆಮೇಲೆ ಸ್ವಲ್ಪ ಜೋರಾಗಿ ಕುಂಟಿದಳು, ಆಮೇಲೆ ಅದು ಓಟವೇ ಆಯಿತು. ಬಸ್ಸಿನ ಸದ್ದು ಮೆಲ್ಲಗೆ ಹಿಂದೆ ಸರಿಯಿತು. ಆದರೆ ಮುಂದೆ ಕೊನೆಯ ಸ್ಟಾಪು. ನೆರಳಿನಲ್ಲಿ ಮೂವರು ನಿಂತಿದ್ದರು. ಅವರಲ್ಲಿ ಒಬ್ಬರು ದಿನಾ ಅಲ್ಲಿಂದಲೇ ಹತ್ತುವ ಕೋಲಿನ ಅಜ್ಜಿ. ನೋಡುತ್ತಿದ್ದಂತೆಯೇ ಅವಳ ಕಾಲು ತಾನಾಗಿ ನಿಧಾನವಾಯಿತು.

ಅಜ್ಜಿ ಅವಳನ್ನು ನೋಡಿದರು, ದೂರದಲ್ಲಿ ಬರುತ್ತಿದ್ದ ಬಸ್ಸನ್ನೂ ನೋಡಿದರು. ಅವರಿಗೇನು ಅರ್ಥವಾಯಿತೋ, ಕೋಲನ್ನು ಮೇಲೆತ್ತಿ ಬೀಸಿದರು.

“ನಿಲ್ಲಬೇಡ್ವೇ! ಇವತ್ತು ನಾವು ಏನೂ ಕೇಳಲ್ಲ, ಹೋಗು, ಹೋಗು!”

ಹನ್ನೊಂದು ವರ್ಷದಲ್ಲಿ ಮೊದಲ ಸಲ ಕಂಡಕ್ಟರಮ್ಮ ಜನವಿದ್ದ ಸ್ಟಾಪನ್ನು ನಿಲ್ಲದೆ ದಾಟಿದಳು. ಕಣ್ಣು ತುಂಬಿ ಬಂದು ಮುಂದಿನ ರಸ್ತೆ ಕಲಸಿಹೋಯಿತು, ಆದರೂ ಕಾಲು ನಿಲ್ಲಲಿಲ್ಲ. ಗೆರೆ ದಾಟಿ ತಲೆಯೆತ್ತಿದಾಗ ದೊಡ್ಡ ಗಡಿಯಾರ ಹನ್ನೊಂದು ಇಪ್ಪತ್ತೆಂಟು ತೋರಿಸುತ್ತಿತ್ತು. ಯಾರೋ ಅವಳ ಕೊರಳಿಗೆ ಪದಕ ಹಾಕಿದರು, ಯಾರೋ ನೀರು ಕೊಟ್ಟರು. ಸರಿಯಾಗಿ ಹನ್ನೊಂದೂವರೆಗೆ ಬಸ್ಸು ಬಂದು ನಿಂತಿತು.

ಈಗ ಕೂರಬಹುದು ಎಂದುಕೊಂಡು ಅವಳು ಕಂಬಿ ಹಿಡಿದು ಮೆಟ್ಟಿಲು ಹತ್ತಿದಳು. ಬಾಗಿಲ ಪಕ್ಕದ ಅವಳ ಕಂಡಕ್ಟರ್ ಸೀಟಿನಲ್ಲಿ, ಊದಿಕೊಂಡ ಮಂಡಿಗೆ ಬಟ್ಟೆ ಸುತ್ತಿಕೊಂಡು ಹಿರಿಯರೊಬ್ಬರು ಕಾಲು ಚಾಚಿ ಕೂತಿದ್ದರು. ಅವರು ಗಾಬರಿಯಿಂದ ಏಳಲು ಹೋದರು.

“ನೀವು ಕೂತ್ಕೊಳ್ಳಿ ಸಾರ್,” ಎಂದ ಡ್ರೈವರ್. ಆಮೇಲೆ ಅವಳ ಕಡೆ ತಿರುಗಿ, “ಹತ್ತೊಂಬತ್ತನೇ ಕಿಲೋಮೀಟರಲ್ಲಿ ಇವರೇ ಮೊದಲು ಹತ್ತಿದ್ದು. ಕಾಲು ಚಾಚೋಕೆ ಅದೊಂದೇ ಜಾಗ. ಕೊಟ್ಟುಬಿಟ್ಟೆ. ನಿನಗೆ ಇವತ್ತು ಅದು ಬೇಕಾಗಲ್ಲ ಅಂತ ಗೊತ್ತಿತ್ತಲ್ಲ!” ಎಂದ.